ಕಾರಣದ ಕಾಲಂ

ಕೊಟ್ಟಾರ ಚೌಕಿಯಲ್ಲಿ ನೀರು ಇಳಿದ ಮಾರನೆಯ ದಿನ
ಮೊಯ್ದಿನ್‌ಕುಂಞಿಯವರ ಹಾಸಿಗೆ ಅಂಗಡಿಗೆ ಹೋದೆ,
ಟೇಪು, ಕ್ಯಾಮೆರಾ, ವಿಮಾ ಕಂಪನಿಯ ಹಳದಿ ಫಾರ್ಮು ಹಿಡಿದು.
ನಲವತ್ತೆರಡು ಹತ್ತಿ ಹಾಸಿಗೆಗಳು
ರಾತ್ರಿಯಿಡೀ ರಾಜಕಾಲುವೆ ಕುಡಿದು
ಮದುವೆಯೂಟ ಮುಗಿಸಿದ ನೆಂಟರ ಹಾಗೆ
ಗೋಡೆಗೆ ಒರಗಿದ್ದವು, ಏಳಲಾರದೆ.

ಗೋಡೆಯ ಮೇಲೆ ಕೆಸರಿನ ಗೆರೆ. ಅಳೆದೆ:
ಮೂರಡಿ ಏಳಿಂಚು.
ಆ ದಿನ ತಕರಾರಿಲ್ಲದ ಸಂಗತಿ ಅದೊಂದೇ.

ಫಾರ್ಮಿನ ಒಂಬತ್ತನೆಯ ಕಾಲಂ: ನಷ್ಟಕ್ಕೆ ಕಾರಣ.
ಮೂರು ಬೆರಳಗಲದ ಜಾಗ.

"ಎಂತ ಕಾರಣ ಮಾರಾಯ್ರೆ, ಮಳೆ,"
ಪಕ್ಕದ ಸೋಡಾ ಅಂಗಡಿಯ ದೇಜಪ್ಪಣ್ಣ.
"ಎಪ್ಪತ್ನಾಲ್ಕರಲ್ಲಿ ಬಂಟ್ವಾಳ ಪೇಟೆಯಲ್ಲಿ ದೋಣಿ ಹೋದದ್ದು
ನಾನು ಕಂಡವ. ಆಗ ಯಾವ ಹವಾಮಾನ ಬದಲಾಗಿತ್ತು?
ಆಟಿ ಅಂದ ಮೇಲೆ ಮಳೆ,
ಮಳೆ ಅಂದ ಮೇಲೆ ಬೊಳ್ಳ."

"ಮಳೆಯದ್ದಲ್ಲ, ತೋಡಿನದ್ದು ತಪ್ಪು,"
ಐರಿನ್ ಬಾಯಿ ಪೊರಕೆ ನಿಲ್ಲಿಸಿದರು.
"ಆ ತೋಡಿನಲ್ಲಿ ನನ್ನ ಗಂಡ ಈಜು ಕಲಿತದ್ದು.
ಈಗ ನನ್ನ ಬೆಕ್ಕು ಹಾರಿ ದಾಟುತ್ತದೆ.
ಅದಕ್ಕೂ ಧ್ರುವದ ಮಂಜು ಕರಗಬೇಕಿತ್ತಾ?"

ಮೊಯ್ದಿನ್‌ಕುಂಞಿ ಮಾತಾಡಲಿಲ್ಲ.
ಒಂದು ದಿಂಬನ್ನು ಹಿಂಡುತ್ತಿದ್ದರು.
ನೀರು ಮುಗಿಯುತ್ತಲೇ ಇರಲಿಲ್ಲ.

ಬೆಂಗ್ರೆಯ ಧನ್ವಿತಾ, ಫಿಶರೀಸ್ ಕಾಲೇಜಿನ ಹುಡುಗಿ,
ಅಕ್ಕನ ಮದುವೆಯ ಹಾಸಿಗೆಗೆ ಮುಂಗಡ ಕೊಟ್ಟವಳು,
ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.
"ಕಡಲಿಗೆ ಮಂಡೆಬಿಸಿ ಆಗಿದೆ" ಎಂದಳು.
ಎಲ್ಲರೂ ನಕ್ಕರು. ಅವಳು ನಗಲಿಲ್ಲ.
"ಅಪ್ಪನ ಬಲೆಗೆ ಬೂತಾಯಿ ಯಾಕೆ ಬೀಳುವುದಿಲ್ಲ, ಕೇಳಿ.
ಕಡಲು ಬೆಚ್ಚಗಾದರೆ ಮೋಡಕ್ಕೆ ಹೊರೆ ಹೆಚ್ಚು.
ತಿಂಗಳಿಡೀ ಇಳಿಸುವುದನ್ನು
ಒಂದೇ ರಾತ್ರಿ ಇಳಿಸಿ ಹೋಗುತ್ತದೆ."

"ಹಾಗಾದರೆ ಮೊನ್ನೆಯ ಮಳೆ ಅದರದ್ದೇ ಅಂತ ಬರೆಯಲಾ?"
ನಾನು ಪೆನ್ನು ತೆಗೆದೆ.

ಅವಳು ಹೌದು ಎನ್ನಬಹುದಿತ್ತು. ಎನ್ನಲಿಲ್ಲ.
"ಚೆನ್ನೆಮಣೆ ಆಡಿದ್ದೀರಾ ಸಾರ್?
ಗುಳಿಗೆ ನಾಲ್ಕು ಕಾಯಿ ಅಂತ ಅಜ್ಜಿಯ ಲೆಕ್ಕ.
ನಾವು ಆಡಲು ಕೂರುವ ಮೊದಲೇ ಯಾರೋ
ಗುಳಿಗೊಂದು ಕಾಯಿ ಹೆಚ್ಚು ಹಾಕಿಟ್ಟಿದ್ದಾರೆ.
ನೀವು ಸೋತದ್ದು ಯಾವ ಕಾಯಿಯಿಂದ ಅಂತ
ಹೆಕ್ಕಿ ತೋರಿಸುವುದು ಹೇಗೆ?
ಮಣೆ ಮಾತ್ರ ಮೊದಲಿನದ್ದಲ್ಲ."

ದೇಜಪ್ಪಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಮತ್ತೆ, ಗುಳಿಯನ್ನೇ ಮುಚ್ಚಿ ಮನೆ ಕಟ್ಟಿದರೆ
ಕಾಯಿ ಎಲ್ಲಿ ಬೀಳುವುದು?" ಎಂದರು,
ತಾನು ಯಾರ ಪರ ಎಂದು ತನಗೇ ಗೊತ್ತಾಗದ ಹಾಗೆ.

ಯಾರೂ ನನ್ನ ಕಡೆ ನೋಡಲಿಲ್ಲ.
ಆದರೂ ನಾನು ಫಾರ್ಮು ಮಡಚಿದೆ.

ನನ್ನ ಫ್ಲ್ಯಾಟಿನ ಹೆಸರು ಬೈಲ್ ವ್ಯೂ.
ಬೈಲು ಇಲ್ಲ, ವ್ಯೂ ಉಂಟು.
ಎರಡು ಬೆಳೆಯ ಗದ್ದೆಗೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು
ನಾಲ್ಕು ಮಹಡಿ ಎಬ್ಬಿಸಿದ್ದು.
ಸಾಲ ಮಾಡಿ ಕೊಂಡದ್ದು, ಖುಷಿಯಿಂದಲೇ.
ಒಳಗೆ ಏಸಿ. ಹೊರಗೆ ಅದರ ಬಿಸಿ ಉಸಿರು.

ರಾತ್ರಿ ಮತ್ತೆ ಮಳೆ ಹಿಡಿಯಿತು.
ಕೆಳಗೆ ಪಾರ್ಕಿಂಗಿನಲ್ಲಿ ಕಪ್ಪೆಗಳು
ವಿಳಾಸ ಬದಲಾದದ್ದನ್ನು
ತಮಗೆ ಯಾರೂ ತಿಳಿಸಲೇ ಇಲ್ಲ ಎಂದು ಕೂಗುತ್ತಿದ್ದವು.

ಒಂಬತ್ತನೆಯ ಕಾಲಮಿನಲ್ಲಿ ಬರೆದೆ:
ಹೆಚ್ಚುವರಿ ಹಾಳೆ ಲಗತ್ತಿಸಿದೆ.
ಹಾಳೆಯ ಮೊದಲ ಸಾಲಿಗೆ ನನ್ನ ಮನೆಯ ಡೋರ್ ನಂಬರು.
ಎರಡನೆಯದಕ್ಕೆ ಕಡಲು ಎಂದು ಬರೆದು,
ಹೊಡೆದು ಹಾಕಿ,
ಮತ್ತೆ ಬರೆದೆ.

ಮೊಬೈಲು ರಿಂಗಾಯಿತು. ಮೊಯ್ದಿನ್‌ಕುಂಞಿ.
"ಸಾರ್, ಕಾರಣ ನೀವು ನಿಧಾನಕ್ಕೆ ಬರೆಯಿರಿ.
ಹಾಸಿಗೆ ಬಿಸಾಡಬಹುದಾ?
ವಾಸನೆ ಶುರುವಾಗಿದೆ."